ಕೊಲೆಗಿಂತ ಬಿಲ್ಡಿಂಗೇ ಮಜಾ

ಪತ್ತೇದಾರಿ ಸರಣಿ ಅಂದಮೇಲೆ ಕೊಲೆಗಾರ ಯಾರು ಅಂತ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ? 2021ರಲ್ಲಿ ಶುರುವಾದ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ನೋಡುವಾಗ ನನಗೆ ಆ ಪ್ರಶ್ನೆ ಆಗಾಗ ಮರೆತೇ ಹೋಗುತ್ತದೆ. ಅನುಮಾನ ಸರದಿಯ ಪ್ರಕಾರ ಕೊಲೆ ನಡೆದ ಕಟ್ಟಡದ ಎಲ್ಲರ ಮನೆ ಬಾಗಿಲಿಗೂ ಹೋಗಿ ಬರುತ್ತದೆ. ಅದೇ ಕಟ್ಟಡದಲ್ಲಿರುವ ಗಾಯಕ ಸ್ಟಿಂಗ್‌ನನ್ನೂ ಬಿಡುವುದಿಲ್ಲ! ಪತ್ತೇದಾರಿಕೆ ಅಷ್ಟಕ್ಕಷ್ಟೇ. ಆದರೆ ನ್ಯೂಯಾರ್ಕಿನ ಅಪಾರ್ಟ್‌ಮೆಂಟ್ ಮಂದಿಯನ್ನು ಕಾಲೆಳೆಯುವುದರಲ್ಲಿ ಇದು ಬಲು ಜಾಣ.

ಸತ್ತವನು ಕಟ್ಟಡದ ನಿವಾಸಿ ಟಿಮ್ ಕೊನೊ. ಅವನ ನೆನಪಿಗೆ ಅಂತ ನಿವಾಸಿಗಳೆಲ್ಲ ಸಭೆ ಸೇರುತ್ತಾರೆ. ಒಬ್ಬರಾದರೂ ಅಳಬೇಕು ತಾನೇ? ನೆರೆಯವನಾದ ಹೊವರ್ಡ್ ಅಳುತ್ತಾನೆ, ಆದರೆ ಟಿಮ್‌ಗಾಗಿ ಅಲ್ಲ. ಪಾಪ, ಅವನ ಬೆಕ್ಕು ಎವೆಲಿನ್ ಕೂಡ ಆಗಲೇ ಸತ್ತಿತ್ತು. ಜನರ ಮರುಕವೆಲ್ಲ ಬೆಕ್ಕಿನ ಪಾಲು. ಟಿಮ್ ಪಾಲಿಗೆ ಬಂದದ್ದು ದೂರುಗಳು. ಅವನಿಂದಾಗಿ ಮನೆಯ ಫೈರ್‌ಪ್ಲೇಸ್‌ಗೆ ತೊಂದರೆ ಆಯಿತಲ್ಲ ಅನ್ನುವ ಸಿಟ್ಟು ಹೆಣದ ಮೇಲೂ ಆರಿಲ್ಲ.

ಇದು ಉತ್ಪ್ರೇಕ್ಷೆ ಅನ್ನಿಸಬಹುದು. ನ್ಯೂಯಾರ್ಕಿನ ಕೋ-ಆಪ್ ಕಟ್ಟಡಗಳ ಬಗ್ಗೆ ತಿಳಿದವರಿಗೆ ಅನ್ನಿಸಲಿಕ್ಕಿಲ್ಲ. ಅಲ್ಲಿ ಕೊಳ್ಳುವುದು ಮನೆಯನ್ನಲ್ಲ, ಇಡೀ ಕಟ್ಟಡ ಯಾವ ಕಂಪನಿಯ ಹೆಸರಲ್ಲಿದೆಯೋ ಅದರ ಷೇರನ್ನು. ದುಡ್ಡಿದ್ದರೆ ಸಾಲದು, ಕಟ್ಟಡದ ಆಡಳಿತ ನೋಡುವ ಬೋರ್ಡಿನವರ ಎದುರು ಸಂದರ್ಶನಕ್ಕೆ ಕೂರಬೇಕು. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಎಲ್ಲವನ್ನೂ ವಿಚಾರಿಸಿ, ಕಾರಣ ಹೇಳದೆಯೇ ಬೇಡ ಅಂದುಬಿಡುವುದು ಹಳೇ ರೂಢಿ. 1979ರಲ್ಲಿ ಅಕ್ಕಪಕ್ಕದವರ ವಿರೋಧದಿಂದ ಮಾಜಿ ಅಧ್ಯಕ್ಷ ನಿಕ್ಸನ್‌ಗೇ ಮನೆ ಕೈತಪ್ಪಿತು. 1985ರಲ್ಲಿ ಮಡೊನ್ನಾಗೂ ಸಾನ್ ರೆಮೊ ಕಟ್ಟಡದವರು ಬೇಡ ಅಂದರು. ಅಮೆರಿಕ ಆಳಿದವನನ್ನೇ ಒಳಗೆ ಬಿಡದ ಊರಿನಲ್ಲಿ, ಸರಣಿಯ ಬೋರ್ಡ್ ಅಧ್ಯಕ್ಷೆ ಬನ್ನಿಯ ಗತ್ತು ನನಗೇನೂ ಜಾಸ್ತಿ ಅನ್ನಿಸುವುದಿಲ್ಲ.

ಇನ್ನು ನಮ್ಮ ಮೂವರು ಪತ್ತೇದಾರರು. ಚಾರ್ಲ್ಸ್ ಹಿಂದೊಮ್ಮೆ ಟೀವಿಯಲ್ಲಿ ಪೊಲೀಸ್ ಪಾತ್ರ ಮಾಡಿದ್ದವನು, ಒಲಿವರ್ ನಾಟಕ ಮಾಡಿ ಕೈಸುಟ್ಟುಕೊಂಡವನು, ಮೇಬಲ್ ಇವರ ಮೊಮ್ಮಗಳ ವಯಸ್ಸಿನವಳು. ಒಂದೇ ಲಿಫ್ಟಿನಲ್ಲಿ ನಿಂತರೂ ಮಾತಿಲ್ಲ, ಕಥೆಯಿಲ್ಲ. ಇವರನ್ನು ಒಂದು ಮಾಡುವುದು ಒಂದು ಕ್ರೈಂ ಪಾಡ್‌ಕಾಸ್ಟ್. ಮೂವರೂ ಅದರ ಭಕ್ತರು! ನೆರೆಮನೆಯವನ ಹೆಸರು ಗೊತ್ತಿಲ್ಲ, ಯಾವುದೋ ದೂರದ ಊರಿನ ಕೊಲೆಯ ಚರಿತ್ರೆ ಮಾತ್ರ ಬಾಯಿಪಾಠ. ಪಕ್ಕದಲ್ಲೇ ಕೊಲೆಯಾದಾಗ ಅವರಿಗೆ ಹೊಳೆಯುವುದೂ ತಮ್ಮದೇ ಪಾಡ್‌ಕಾಸ್ಟ್ ಮಾಡೋಣ ಅಂತಲೇ.

ಒಲಿವರ್‌ನ ಅವಸ್ಥೆ ನೋಡಿಯೇ ನಗಬೇಕು. ಬಿಲ್ಡಿಂಗ್‌ಗೆ ಕಟ್ಟಬೇಕಾದ ದುಡ್ಡು ಬಾಕಿ, ಊಟಕ್ಕೆ ಬರೀ ಡಿಪ್ಪು (ನಂಚಿಕೊಳ್ಳುವ ಚಟ್ನಿಯಂಥದ್ದು), ಆದರೂ ಕೊರಳಿಗೆ ಸ್ಕಾರ್ಫ್ ತಪ್ಪುವುದಿಲ್ಲ. ಸಾವಿನ ಕಥೆ ಹೇಳಲು ಪ್ರಾಯೋಜಕ ಬೇಕು. ಸಿಕ್ಕಿದವನು ಅದೇ ಕಟ್ಟಡದ ಟೆಡ್ಡಿ ಡಿಮಾಸ್, ಅಂಗಡಿಗಳಿರುವ ಸಿರಿವಂತ. ಮುಂದೆ ಅನುಮಾನ ಅವನ ಕಡೆಗೇ ತಿರುಗುತ್ತದೆ. ಕೊಟ್ಟ ಚೆಕ್ಕನ್ನು ನೋಡುವುದೋ, ಸಿಕ್ಕ ಸುಳಿವನ್ನು ನೋಡುವುದೋ? ಆ ಪೇಚಾಟವೊಂದಕ್ಕೇ ನಾನು ಇಡೀ ಸೀಸನ್ ಇನ್ನೊಮ್ಮೆ ನೋಡಲು ಸಿದ್ಧ.