ತಲೆ ಅಲ್ಲಾಡಿಸಿದ್ದೇ ತಪ್ಪಾಯ್ತು

ನಮ್ಮ ಯುರೋಪ್ ಪ್ಯಾಕೇಜಿನಲ್ಲಿ ಜೆಕ್ ದೇಶದ ರಾಜಧಾನಿ ಪ್ರಾಗ್‌ನ ಎರಡನೇ ದಿನದ ಮುಂದೆ ‘ಫ್ರೀ ಡೇ’ ಅಂತ ಬರೆದಿತ್ತು. ಫ್ರೀ ಅಂದರೆ ಟೂರಿನವರಿಗೆ ಫ್ರೀ, ನಮಗಲ್ಲ ಅನ್ನುವುದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ಬಸ್ಸಿಲ್ಲ, ಗೈಡಿಲ್ಲ, ಮಧ್ಯಾಹ್ನದ ಊಟವೂ ಇಲ್ಲ. ಜೊತೆಯವರೆಲ್ಲ ‘ಸುಮ್ನೆ ರೂಮಲ್ಲಿ ಮಲಗ್ತೀವಿ’ ಅಂದರು. ನನ್ನ ಹೆಂಡತಿ ಮಾತ್ರ, “ಇಷ್ಟು ದುಡ್ಡು ಸುರಿದು ಇಲ್ಲಿ ಬಂದು ಮಲಗೋದಾದ್ರೆ ಮೈಸೂರಲ್ಲೇ ಮಲಗಬಹುದಿತ್ತಲ್ವಾ” ಅಂದಳು. ನನಗೆ ಅದು ಒಳ್ಳೆಯ ಐಡಿಯಾ ಅನಿಸಿತು. ಅವಳು ಬೈದದ್ದು ಅಂತ ಆಮೇಲೆ ಹೊಳೆಯಿತು.

ಮೊದಲು ಕೋಟೆ ನೋಡುವುದು ಅಂತಾಯಿತು. ಪ್ರಾಗ್ ಕೋಟೆ ಗುಡ್ಡದ ಮೇಲಿದೆ. 22ನೇ ನಂಬರಿನ ಟ್ರಾಮ್ ಅದರ ಬಾಗಿಲ ಹತ್ತಿರದವರೆಗೂ ಹೋಗುತ್ತದೆ ಅಂತ ಓದಿಕೊಂಡಿದ್ದೆ. ಕೋಟೆಗೆ ಅವರ ಭಾಷೆಯಲ್ಲಿ ‘ಹ್ರಾದ್’ ಅನ್ನಬೇಕು ಅಂತಲೂ ಕಲಿತಿದ್ದೆ. ಟಿಕೆಟ್ ಕೊಂಡು ಸ್ಟಾಪಿನಲ್ಲಿ ನಿಂತೆವು. ಟ್ರಾಮ್ ಬಂತು. ಓದಿದ್ದನ್ನೆಲ್ಲ ನಂಬಬಾರದು ಅನ್ನುವುದು ನಮ್ಮನೆ ಪದ್ಧತಿ. ಹಾಗಾಗಿ ಇವಳು ಹತ್ತುವ ಮೊದಲು ಪಕ್ಕದ ಅಜ್ಜಿಯನ್ನು ಕೇಳಿದಳು.

“ಹ್ರಾದ್?”

“ಅನೋ, ಅನೋ” ಅಂದರು ಅಜ್ಜಿ.

“ಇಲ್ವಂತೆ ಕಣ್ರೀ, ನೋ ಅಂತಿದಾರೆ. ಬನ್ನಿ ಈ ಕಡೆ.”

ಟ್ರಾಮ್ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು 22 ಬಂತು. ಈ ಸಲ ನಾನೇ ಟೋಪಿ ಹಾಕಿದ್ದ ಒಬ್ಬ ಯಜಮಾನರನ್ನು ಕೇಳಿದೆ. ಅವರೂ ‘ಅನೋ’. ಇಬ್ಬರು ಹಿರಿಯರು ಒಂದೇ ಮಾತು ಹೇಳಿದ ಮೇಲೆ ಮುಗಿಯಿತಲ್ಲ. ಟಿಕೆಟ್ಟನ್ನು ಜೇಬಿಗೆ ತುರುಕಿ ನಡೆಯಲು ಶುರು ಮಾಡಿದೆವು.

ನಡೆದದ್ದಕ್ಕೆ ಚಾರ್ಲ್ಸ್ ಸೇತುವೆ ಸಿಕ್ಕಿತು, ಅದನ್ನು ಒಪ್ಪಿಕೊಳ್ಳಬೇಕು. ವ್ಲ್ತಾವಾ ನದಿಯ ಮೇಲೆ ಅರ್ಧ ಕಿಲೋಮೀಟರ್ ಉದ್ದದ ಕಲ್ಲಿನ ಸೇತುವೆ, ಎರಡೂ ಕಡೆ ಸಂತರ ವಿಗ್ರಹಗಳು. ನಾಲ್ಕನೇ ಚಾರ್ಲ್ಸ್ ರಾಜ 1357ನೇ ಇಸವಿ, 7ನೇ ತಿಂಗಳು, 9ನೇ ತಾರೀಕು, ಬೆಳಗಿನ ಜಾವ 5 ಗಂಟೆ 31 ನಿಮಿಷಕ್ಕೆ ಮೊದಲ ಕಲ್ಲು ಇಟ್ಟ ಅನ್ನುತ್ತಾರೆ. ಇಸವಿ, ತಾರೀಕು, ತಿಂಗಳು, ಗಂಟೆ ಅಂತ ಸಾಲಾಗಿ ಬರೆದರೆ 135797531. ಹಿಂದಿನಿಂದ ಓದಿದರೂ ಅಷ್ಟೇ. ಇದನ್ನು ಕೇಳಿದ್ದೇ ಇವಳು ಕೈಮುಗಿಯುವುದೊಂದು ಬಾಕಿ. “ನೋಡಿ, ಮುಹೂರ್ತ ಇಟ್ಟು ಕಟ್ಟಿದಾರೆ. ಅದಕ್ಕೇ ನಿಂತಿದೆ. ನೀವು ರಾಹುಕಾಲದಲ್ಲಿ ಕಾರು ತಂದ್ರಿ.” ಆ ಕಾರಿನ ವಿಷಯ ಏಳು ಸಾವಿರ ಕಿಲೋಮೀಟರ್ ದೂರ ಬಂದರೂ ನನ್ನನ್ನು ಬಿಟ್ಟಿರಲಿಲ್ಲ.

ಆಮೇಲೆ ಏರು. ನೆರುದೋವಾ ಅನ್ನುವ ಬೀದಿ. ನೆಲಕ್ಕೆಲ್ಲ ಮುಷ್ಟಿ ಗಾತ್ರದ ಕಲ್ಲು ಹಾಸಿದ್ದಾರೆ. ಇವಳು ಹಾಕಿಕೊಂಡಿದ್ದು ಹೊಸ ಚಪ್ಪಲಿ. ಹತ್ತು ಹೆಜ್ಜೆಗೊಮ್ಮೆ ‘ಮನೆ ನೋಡೋಣ’ ಅನ್ನುವ ನೆಪದಲ್ಲಿ ನಿಲ್ಲುತ್ತಿದ್ದೆವು. ಮನೆಗಳು ನೋಡುವಂಥವೇ. 1770ರಲ್ಲಿ ಮನೆಗಳಿಗೆ ನಂಬರ್ ಕೊಡುವ ಮೊದಲು ಜನ ಬಾಗಿಲ ಮೇಲಿನ ಗುರುತಿನಿಂದಲೇ ಮನೆ ಹುಡುಕುತ್ತಿದ್ದರಂತೆ. ಮೂರು ಪಿಟೀಲಿನ ಮನೆ, ಎರಡು ಸೂರ್ಯರ ಮನೆ. ನಮ್ಮ ಮನೆಗೆ ಈಗಲೂ ಕೊರಿಯರ್‌ನವರು ಬರುವುದು ‘ಹುಣಸೆಮರದ ಎದುರು’ ಅಂದರೆ ಮಾತ್ರ. ಮರ ಕಡಿದು ಆರು ವರ್ಷವಾಯಿತು.

ಕೋಟೆ ತಲುಪುವ ಹೊತ್ತಿಗೆ ಕೋಟೆ ನೋಡುವ ಉತ್ಸಾಹ ಇಳಿದಿತ್ತು. ಒಳಗಿನ ಸೇಂಟ್ ವೀಟಸ್ ಚರ್ಚನ್ನು ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ನಮ್ಮ ಮಹಡಿ ಮನೆಯನ್ನು ಬರೀ ಮೂರು ವರ್ಷದಲ್ಲಿ ಮುಗಿಸಿದ ಮೇಸ್ತ್ರಿಯ ಮೇಲೆ ಅವತ್ತು ಮೊದಲ ಸಲ ಗೌರವ ಬಂತು. ಅಲ್ಲಿ ನಾವು ಅತಿ ಹೆಚ್ಚು ಹೊತ್ತು ನೋಡಿದ್ದು ಒಂದು ಬೆಂಚು.

ಹಸಿವು ತಡೆಯದೆ ಕೆಳಗೆ ಒಂದು ಚಿಕ್ಕ ಹೋಟೆಲಿಗೆ ನುಗ್ಗಿದೆವು. ದಪ್ಪಗಿನ ಹೆಂಗಸೊಬ್ಬರು ಮೆನು ಕೊಟ್ಟರು. ಇವಳು ಸೂಪಿನ ಮೇಲೆ ಬೆರಳಿಟ್ಟು “ವೆಜಿಟೇರಿಯನ್?” ಅಂದಳು. “ಅನೋ.” ಬೆರಳು ಕೆಳಗಿಳಿಯಿತು. “ಅನೋ.” ಕೊನೆಗೆ ಸಲಾಡ್. ಅದಕ್ಕೂ “ಅನೋ.”

“ಸೌತೆಕಾಯಿಗೂ ಮಾಂಸ ಹಾಕ್ತಾರಾ ಇವ್ರು!” ಅನ್ನುತ್ತಾ ಇವಳು ಬ್ಯಾಗಿನಿಂದ ಚಪಾತಿ, ಚಟ್ನಿಪುಡಿ ತೆಗೆದಳು.

ಆ ವಾಸನೆಗೋ ಏನೋ, ಒಳಗಿನಿಂದ ಇಂಗ್ಲಿಷ್ ಬಲ್ಲ ಹುಡುಗನೊಬ್ಬ ಬಂದ. ‘ಸ್ಮಾಜೆನಿ ಸೀರ್’ ಇದೆ, ಮಾಂಸ ಇಲ್ಲ, ಚೀಸನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುವುದು ಅಂದ. ಬೋಂಡಾದ ಬಂಧು ಅಂತ ಅರ್ಥವಾಯಿತು. ಜೊತೆಗೆ ಆಲೂಗಡ್ಡೆ ಬೇಕಾ ಅಂತ ಕೇಳಿದ. ನಾನು ಖುಷಿಯಿಂದ ತಲೆ ಅಲ್ಲಾಡಿಸಿದೆ.

ಚೀಸ್ ಬಂತು. ಅಂಗೈಯಗಲ, ಚಿನ್ನದ ಬಣ್ಣ, ಕತ್ತರಿಸಿದರೆ ಒಳಗಿನಿಂದ ಬಿಸಿ ಬಿಸಿ ಹರಿಯುತ್ತಿತ್ತು. ಆಲೂಗಡ್ಡೆ ಬರಲಿಲ್ಲ. ಕೇಳಿದರೆ ಹುಡುಗ, “ನೀವೇ ಬೇಡ ಅಂದ್ರಲ್ಲ” ಅಂದ.

“ಯಾವಾಗ?”

“ಹೀಗೆ ಮಾಡಿದ್ರಿ” ಅಂತ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ತೋರಿಸಿದ. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಮಾಡಿದ.

ನಮ್ಮೂರಲ್ಲಿ ಅದು ‘ಆಯ್ತು’ ಅಂತ ವಿವರಿಸಿದೆ. ಅವನು ನಕ್ಕು, ನಮ್ಮಲ್ಲಿ ಹೌದು ಅನ್ನೋದಕ್ಕೆ ‘ಅನೋ’ ಅಂತೀವಿ, ಅವಸರದಲ್ಲಿದ್ದರೆ ಬರೀ ‘ನೋ’ ಅಂತೀವಿ ಅಂದ. ಇಲ್ಲ ಅನ್ನೋದಕ್ಕೆ ‘ನೆ’.

ಇವಳ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು.

“ಹಾಗಾದ್ರೆ ಆ ಟ್ರಾಮು?”

“ಹೋಗ್ತಿತ್ತು.”

“ಎರಡನೇದು?”

“ಅದೂ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಆ ಹೆಂಗಸನ್ನು ಕರೆದು ಸೂಪು, ಸಲಾಡ್, ಆಲೂಗಡ್ಡೆ ಎಲ್ಲಕ್ಕೂ ಬೆರಳಿಟ್ಟು ತಾನೇ “ಅನೋ, ಅನೋ, ಅನೋ” ಅಂದಳು.

ವಾಪಸ್ ಟ್ರಾಮಿನಲ್ಲೇ ಬಂದೆವು, ಯಾರನ್ನೂ ಕೇಳದೆ. ಟಿಕೆಟ್ಟನ್ನು ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಿಕೊಂಡಾಗ ಇವಳಿಗೆ ಏನೋ ಸೇಡು ತೀರಿಸಿಕೊಂಡ ಸಮಾಧಾನ.

ಸಂಜೆ ಐದಕ್ಕೆ ಹಳೇ ಪೇಟೆಯ ಗಡಿಯಾರದ ಕೆಳಗೆ ನಿಂತಿದ್ದೆವು. 1410ರ ಗಡಿಯಾರ, ಇವತ್ತಿಗೂ ಓಡುತ್ತಿದೆ. ಗಂಟೆಗೊಮ್ಮೆ ಗೊಂಬೆಯಾಟ. ಜನ ಅಂದರೆ ಜಂಬೂ ಸವಾರಿಯ ಜನ. ಅಸ್ಥಿಪಂಜರವೊಂದು ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಟೈಮಾಯ್ತು ನಡೀರಿ ಅಂತ. ಪಕ್ಕದಲ್ಲಿ ಕನ್ನಡಿ ಹಿಡಿದ ಜಂಬಗಾರ, ದುಡ್ಡಿನ ಚೀಲ ಹಿಡಿದ ಜಿಪುಣ. ಅವರೆಲ್ಲ ತಲೆ ಅಲ್ಲಾಡಿಸುತ್ತಾರೆ, ಇಲ್ಲಪ್ಪ ಇನ್ನೂ ಬರಲ್ಲ ಅಂತ. ಮೇಲೆ ಕಿಟಕಿಯಲ್ಲಿ ಏಸುವಿನ 12 ಶಿಷ್ಯರು ಒಬ್ಬೊಬ್ಬರಾಗಿ ಹಾದುಹೋಗುತ್ತಾರೆ. ಕೊನೆಗೆ ಚಿನ್ನದ ಹುಂಜ ಕೂಗುತ್ತದೆ.

ಇದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡದ್ದು. ಜೇಬುಗಳ್ಳರಿದ್ದಾರೆ ಅಂತ ಇವಳು ಇಡೀ ಹೊತ್ತು ಬ್ಯಾಗ್ ನೋಡುತ್ತಿದ್ದಳು. ನಾನು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದೆ. ಮೊನ್ನೆ ಅತ್ತೆಗೆ ಅದನ್ನು ತೋರಿಸಿದೆವು. ಮುಂದೆ ನಿಂತಿದ್ದ ಎತ್ತರದ ಮನುಷ್ಯನ ಬೋಳು ತಲೆ ತುಂಬಾ ಸ್ಪಷ್ಟವಾಗಿ ಬಂದಿದೆ. ಹಿನ್ನೆಲೆಯಲ್ಲಿ ಟಣ್ ಟಣ್ ಅನ್ನುವ ಗಂಟೆ, ಅದರ ಮೇಲೆ ಇವಳ ದನಿ: “ರೀ, ಪರ್ಸು ಮುಂದಿನ ಜೇಬಿಗೆ ಹಾಕ್ಕೊಳ್ಳಿ, ಎಷ್ಟು ಸಲ ಹೇಳ್ಬೇಕು!”

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. “ಹುಂಜ ಕೂಗ್ತು ಕೂಗ್ತು ಅಂತಿದ್ರಲ್ಲ, ಇದೇನಾ?” ಅಂದರು.