ತಾಳೆಯಾಗದ ಸುತ್ತು

ಎಡಗಾಲಿನಲ್ಲಿ ಏಳು, ಬಲಗಾಲಿನಲ್ಲಿ ನಾಲ್ಕು, ಹೀಗೆ ಒಟ್ಟು ಹನ್ನೊಂದು ಕಡೆ ಉಂಬಳ ಕಚ್ಚಿದ ಜಾಗವನ್ನು ಕೆರೆದುಕೊಳ್ಳುತ್ತಲೇ ಇದನ್ನು ಬರೆಯುತ್ತಿದ್ದೇನೆ. ತುರಿಕೆಯನ್ನಾದರೂ ಸಹಿಸಬಹುದಿತ್ತು, ಆದರೆ ಇಂದು ಬೆಳಿಗ್ಗೆ ಭಾವನವರು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊಡಚಾದ್ರಿಯ ನಕ್ಷೆಯೊಂದನ್ನು ಹಾಕಿ, ಅದರ ಮೇಲಿನ ಕೆಂಪು ಗೆರೆ ಒಂದು ಕಡೆ ತುಂಡಾಗಿರುವುದಕ್ಕೆ ನಾನೇ ಕಾರಣನೆಂದು ಸಾರಿದ್ದಾರೆ.

ಭಾವನವರು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವರು. ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವ ತನಕ ಮನೆಗೆ ಹೊರಟವರಲ್ಲ. ನಿವೃತ್ತರಾದ ಮೇಲೆ ಆ ಛಲವೆಲ್ಲ ಅವರ ಕಾಲಿಗಿಳಿದಿದೆ. ನಡೆದದ್ದೆಲ್ಲ ಮೊಬೈಲಿನಲ್ಲಿ ಗೆರೆಯಾಗಿ ಮೂಡಬೇಕು, ಹೋದ ದಾರಿಯಲ್ಲೇ ಮರಳಬಾರದು, ಬೇರೆ ದಾರಿಯಿಂದ ಬಂದು ಹೊರಟ ಜಾಗವನ್ನೇ ಮುಟ್ಟಬೇಕು. ಆಗ ಮಾತ್ರ ಆ ದಿನದ ಲೆಕ್ಕ ತಾಳೆಯಾಯಿತೆಂದು ಅರ್ಥ. ಹಾಗಾಗಿ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಹತ್ತಿ, ಜೀಪಿನ ದಾರಿಯಲ್ಲಿ ಇಳಿದು, ಕಾರು ನಿಲ್ಲಿಸಿದ್ದಲ್ಲಿಗೆ ಬಂದು ಸೇರುವುದೆಂದು ತೀರ್ಮಾನವಾಯಿತು. ಕೊನೆಗೆ ಕಾರಿನ ಹತ್ತಿರವೇ ಬರುವುದಾದರೆ ಕಾರಿನಿಂದ ಇಳಿಯುವುದೇಕೆ ಎಂದು ಅಕ್ಕನ ಗಂಡನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಮಳೆಗಾಲ ಮುಗಿದಿತ್ತು, ಆದರೆ ಕಾಡಿಗೆ ಆ ಸುದ್ದಿ ತಲುಪಿರಲಿಲ್ಲ. ಮುಂದೆ ನಡೆದ ಭಾವನವರ ಹೆಜ್ಜೆಯ ಸಪ್ಪಳಕ್ಕೆ ಎದ್ದ ಉಂಬಳಗಳೆಲ್ಲ ಹಿಂದೆ ಬರುತ್ತಿದ್ದ ನನ್ನನ್ನು ಸ್ವಾಗತಿಸಿದವು. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನೂ ಬಿಡುತ್ತದೆ. ಅದು ಹೊಟ್ಟೆ ತುಂಬಿಸಿಕೊಂಡು ಉದುರಿದ ಮೇಲೂ ನಮ್ಮ ರಕ್ತ ಹರಿಯುತ್ತಲೇ ಇರುತ್ತದೆ. ಕಾಲಿಗೆ ಹಚ್ಚಿಕೊಳ್ಳಲೆಂದು ತಂದಿದ್ದ ಉಪ್ಪಿನ ಪೊಟ್ಟಣ ಮಳೆಗೆ ನೆನೆದು, ಅದೇ ಚೀಲದಲ್ಲಿದ್ದ ಪವರ್ ಬ್ಯಾಂಕಿನೊಳಗೆ ಇಳಿದುಹೋಯಿತು. ನನ್ನ ಅಪರಾಧವೆಂದರೆ ಇಷ್ಟೇ.

ಮೂರೂವರೆ ಗಂಟೆ ಏದುಸಿರು ಬಿಟ್ಟು, ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ 40 ಅಡಿ ಎತ್ತರದ ಕಬ್ಬಿಣದ ಕಂಬಕ್ಕೆ ಒರಗಲು ಹೋದಾಗ, ರೇಷ್ಮೆ ಸೀರೆಯುಟ್ಟು ಜೀಪಿನಲ್ಲಿ ಬಂದಿದ್ದ ಅಜ್ಜಿಯೊಬ್ಬರು ನನ್ನ ಕಾಲಿನ ರಕ್ತವನ್ನು ನೋಡಿ, “ಪಾಪ, ನಿಮಗೆ ಜೀಪು ಸಿಗಲಿಲ್ಲವೇನಪ್ಪಾ?” ಎಂದು ಕೇಳಿದರು. ಭಾವನವರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿದಂತೆ ಕಾಣಲಿಲ್ಲ.

1343 ಮೀಟರ್ ಎತ್ತರದ ತುದಿಯಲ್ಲಿ, ಸರ್ವಜ್ಞ ಪೀಠದ ಕಲ್ಲಿನ ಮಂಟಪದ ಬಳಿ ಮಂಜು ಸ್ವಲ್ಪ ಹೊತ್ತು ಸರಿಯಿತು. ಭಾವನವರು ಮೊಬೈಲನ್ನು ಜೇಬಿಗಿಳಿಸಿ ಸುಮ್ಮನೆ ನಿಂತರು. “ನಿನ್ನ ಅಕ್ಕನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ ಎಂದು ಮದುವೆಯಾದ ವರ್ಷ ಹೇಳಿದ್ದೆ. ಆಗ ನನಗೆ ರಜೆ ಸಿಗಲಿಲ್ಲ. ಈಗ ಅವಳ ಮಂಡಿ ಕೇಳುವುದಿಲ್ಲ” ಎಂದರು. ನಾನೇನೂ ಹೇಳಲಿಲ್ಲ. ಮಂಜು ಮತ್ತೆ ಮುಚ್ಚಿತು.

ಇಳಿಯುವಾಗ ಪ್ರತಿಯೊಂದು ಜೀಪೂ ನಮಗೆ ಕೆಂಪು ಕೆಸರಿನ ಅಭಿಷೇಕ ಮಾಡಿತು. ಕೊನೆಗೆ ಡಾಂಬರು ರಸ್ತೆ ಸಿಕ್ಕಿ, ತಿರುವಿನಾಚೆ ಕಾರು ಕಾಣಿಸಿದ್ದೇ ತಡ, ಭಾವನವರ ಮೊಬೈಲು ಕಣ್ಣು ಮುಚ್ಚಿತು. ನನ್ನದು ಬೆಟ್ಟದ ಮೇಲೇ ಸತ್ತಿತ್ತು. ಅವರು ಎತ್ತಿದ ಕಾಲನ್ನು ಅಲ್ಲೇ ಇಳಿಸಿ ನಿಂತುಬಿಟ್ಟರು. ಇನ್ನು ಇಡುವ ಒಂದು ಹೆಜ್ಜೆಯೂ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ತಾವು ಆ ಜಾಗವನ್ನು ಬಿಟ್ಟು ಕದಲುವುದಿಲ್ಲವೆಂದೂ ನಾನು ಹೋಗಿ ಕಾರನ್ನೇ ತರಬೇಕೆಂದೂ ಅಪ್ಪಣೆಯಾಯಿತು. ಹೋಗಿ ಕಾರು ತಂದೆ. ಭಾವನವರು ಅದರಲ್ಲಿ ಕುಳಿತು ಇಪ್ಪತ್ತು ನಿಮಿಷ ಮೊಬೈಲು ಚಾರ್ಜ್ ಮಾಡಿದರು. ಬಳಿಕ ಕೆಳಗಿಳಿದು, ತಾವು ನಿಂತಿದ್ದ ಜಾಗಕ್ಕೆ ಗುರುತಿಗೆಂದು ಇಟ್ಟಿದ್ದ ಕಲ್ಲಿನ ಮೇಲೆ ಎರಡೂ ಪಾದವನ್ನೂರಿ, ಮೊಬೈಲನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಮೆಲ್ಲಗೆ ನಡೆಯತೊಡಗಿದರು. ಶೂ ಒದ್ದೆಯಾಗಿ ಕಾರಿನಲ್ಲೇ ಉಳಿದಿತ್ತು. ನಾನು ನಾಲ್ಕೂ ದೀಪ ಮಿನುಗಿಸುತ್ತ ಅವರ ಹಿಂದೆ ಹೆಜ್ಜೆಯ ವೇಗದಲ್ಲಿ ಕಾರು ಓಡಿಸಿದೆ. ಎದುರಿಗೆ ಬಂದ ಜೀಪಿನ ಚಾಲಕ ಗಾಡಿ ನಿಲ್ಲಿಸಿ, ದನಿ ತಗ್ಗಿಸಿ, “ಹರಕೆನಾ ಸಾರ್?” ಎಂದು ನನ್ನನ್ನು ಕೇಳಿದ. ಹೌದೆಂದೆ. ಆತ ಭಾವನವರಿಗೆ ಕೈಮುಗಿದು ಮುಂದೆ ಹೋದ.

ಇಷ್ಟೆಲ್ಲ ಆದ ಮೇಲೆ ಆ ಆ್ಯಪು ಅದನ್ನು ಹೊಸ ನಡಿಗೆಯೆಂದು ಬೇರೆಯಾಗಿಯೇ ಬರೆದುಕೊಂಡಿದೆ.

ಈಗಷ್ಟೇ ಭಾವನವರಿಂದ ನನಗೊಬ್ಬನಿಗೇ ಸಂದೇಶ ಬಂದಿದೆ: “ನಿನಗೆ ಉಂಬಳ ಎಷ್ಟು ಕಚ್ಚಿದವು?” ಹನ್ನೊಂದು ಎಂದೆ. “ನನಗೆ ಐದು. ಒಟ್ಟು ಹದಿನಾರು ಎಂದು ಬರೆದುಕೊಂಡಿದ್ದೇನೆ” ಎಂದು ಉತ್ತರ ಬಂತು. ಬಲಗಾಲಿನ ಹಿಮ್ಮಡಿಯ ಹಿಂದೆ ಇನ್ನೊಂದು ಇರುವುದು ನನಗೆ ಈಗ ಕಾಣಿಸಿದೆ. ಹೇಳುವುದೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.