ಗುರುತ್ವದ ಅಲೆಗಳಲ್ಲಿ ಪಿಎಚ್‌ಡಿ ಆಸೆಯಿದ್ದರೆ ಮೂರನೇ ಸೆಮಿಸ್ಟರಿನಲ್ಲೇ ಹೊರಡಿ

ಮಾನಸಗಂಗೋತ್ರಿಯಲ್ಲೋ ಮಂಡ್ಯದಲ್ಲೋ ಎಂಎಸ್ಸಿ ಫಿಸಿಕ್ಸ್ ಓದುತ್ತಿರುವವರು "ನಾಲ್ಕನೇ ಸೆಮ್ ಮುಗೀಲಿ, ಆಮೇಲೆ ಪಿಎಚ್‌ಡಿ ನೋಡೋಣ" ಅಂತ ಕೂತರೆ ಒಂದಿಡೀ ವರ್ಷ ಕೈತಪ್ಪುತ್ತದೆ. ಪಿಎಚ್‌ಡಿ ಪ್ರವೇಶಕ್ಕೆ ಹಲವೆಡೆ ಕೇಳುವ ಗೇಟ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಾದರೂ ಅರ್ಜಿ ಹಾಕುವ ಕಾಲ ಹಿಂದಿನ ಆಗಸ್ಟ್-ಸೆಪ್ಟೆಂಬರ್, ಅಂದರೆ ಮೂರನೇ ಸೆಮ್. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಪ್ರವೇಶ ಪರೀಕ್ಷೆ ಡಿಸೆಂಬರ್ ಸುಮಾರಿಗೆ, ಹಲವು ಸಂಸ್ಥೆಗಳಿಗೆ ಸೇರಿ ಒಂದೇ ಆದ ಜೆಸ್ಟ್ ಪರೀಕ್ಷೆ ವರ್ಷದ ಮೊದಲ ತಿಂಗಳುಗಳಲ್ಲಿ. ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾ ತನ್ನದೇ ಪರೀಕ್ಷೆ ಇಡುತ್ತದೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳ ಗಡುವೂ ಡಿಸೆಂಬರೇ.

ಇನ್ನೊಂದು ತಪ್ಪು ತಿಳಿವಳಿಕೆ: ಪಿಎಚ್‌ಡಿಗೆ ನೇರವಾಗಿ ಲೈಗೋಗೆ (ಕಪ್ಪುಕುಳಿಯಂಥವು ಡಿಕ್ಕಿಯಾದಾಗ ದೇಶ-ಕಾಲದಲ್ಲೇ ಏಳುವ ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ವೀಕ್ಷಣಾಲಯಕ್ಕೆ) ಅರ್ಜಿ ಹಾಕಬಹುದು ಅನ್ನುವುದು. ಆಗುವುದಿಲ್ಲ. ಐಯುಕಾ, ಬೆಂಗಳೂರಿನ ಶಿವಕೋಟೆಯಲ್ಲಿರುವ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್, ಚೆನ್ನೈನ ಗಣಿತ ಸಂಸ್ಥೆ ಸಿಎಂಐ, ಗಾಂಧಿನಗರದ ಐಐಟಿ, ಹೀಗೆ ಒಂದು ಸಂಸ್ಥೆಗೆ ಸೇರಬೇಕು. ಅಲ್ಲಿನ ಮಾರ್ಗದರ್ಶಕರ ತಂಡದ ಮೂಲಕ ಲೈಗೋ ಕೆಲಸಕ್ಕೆ ಸೇರುವುದು. ಹಣದ ಮಾತೂ ಹೇಳಿಬಿಡೋಣ, ಮನೆಯಲ್ಲಿ ಮೊದಲು ಕೇಳುವುದೇ ಅದು. 2023ರಿಂದ ಪಿಎಚ್‌ಡಿಯ ಮೊದಲ ಎರಡು ವರ್ಷದ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಆಮೇಲಿನದು (ಎಸ್‌ಆರ್‌ಎಫ್) 42,000. ಮನೆ ಬಾಡಿಗೆ ಭತ್ಯೆ ಬೇರೆ.

ಗುರುತ್ವ ಅಂದಕೂಡಲೇ ಟೆನ್ಸರ್ ಎಂಬ ಕಷ್ಟದ ಗಣಿತ ನೆನೆದು ಹೆದರುವವರಿದ್ದಾರೆ. ಈ ಕ್ಷೇತ್ರದ ದುಡಿಮೆಯಲ್ಲಿ ಬಹುಪಾಲು ಗದ್ದಲದ (ಅಳತೆಯಲ್ಲಿ ಬೆರೆಯುವ ಬೇಡದ ಅಲುಗಾಟದ, ನಾಯ್ಸ್) ಜೊತೆಗಿನ ಗುದ್ದಾಟ. ಲೈಗೋದ ಲೇಸರ್ ಓಡುವ 4 ಕಿಲೋಮೀಟರ್ ಉದ್ದದ ತೋಳು ಪ್ರೋಟಾನ್ ಗಾತ್ರದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಅಲುಗಿದ್ದನ್ನು ಹಿಡಿಯಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲಿರುವ ಲೈಗೋ-ಇಂಡಿಯಾಕ್ಕೆ 2023ರ ಏಪ್ರಿಲಿನಲ್ಲಿ ಸುಮಾರು 2,600 ಕೋಟಿ ಮಂಜೂರಾಯಿತು. ಅದಕ್ಕೆ ಲೇಸರ್, ನಿರ್ವಾತ, ಎಲೆಕ್ಟ್ರಾನಿಕ್ಸ್ ಬಲ್ಲವರು ಬೇಕೇ ಬೇಕು. ಲ್ಯಾಬಿನಲ್ಲಿ ಕೈ ಪಳಗಿದವರು ಈ ದಾರಿಯನ್ನು ಯೋಚಿಸುವುದೇ ಇಲ್ಲ ಅನ್ನುವುದು ನಮಗೆ ನಿಜವಾದ ಬೇಸರ.

ಅರ್ಜಿಗೆ ತೂಕ ತರುವುದು ನೀವೇ ಮಾಡಿದ ಒಂದು ಸಣ್ಣ ಕೆಲಸ. 2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಅಲೆಯ ದತ್ತಾಂಶ ಉಚಿತವಾಗಿ ಸಿಗುತ್ತದೆ. 32 ಸೆಕೆಂಡಿನ ತುಣುಕು, ಸೆಕೆಂಡಿಗೆ 4,096 ಬಿಂದು. ಮಾಮೂಲಿ ಲ್ಯಾಪ್‌ಟಾಪ್ ಸಾಕು. ಪೈಥಾನಿನಲ್ಲಿ ತೆರೆದು ಗ್ರಾಫ್ ಹಾಕಿದರೆ ಏನೂ ಕಾಣುವುದಿಲ್ಲ, ಅಲ್ಲೇ ಬಹಳ ಮಂದಿ ಕೈಬಿಡುತ್ತಾರೆ. ಕೆಳ ಆವರ್ತನದ ಗದ್ದಲ ಎಲ್ಲವನ್ನೂ ನುಂಗಿರುತ್ತದೆ. ಮೊದಲು ಆವರ್ತನವಾರು ಗದ್ದಲದ ಶಕ್ತಿ ಎಷ್ಟಿದೆ ಅಂತ ವೆಲ್ಚ್ ವಿಧಾನದಲ್ಲಿ (ದತ್ತಾಂಶವನ್ನು ತುಂಡು ಮಾಡಿ ಸರಾಸರಿ ತೆಗೆಯುವುದು) ಅಳೆಯಿರಿ, ಅದರ ವರ್ಗಮೂಲದಿಂದ ಭಾಗಿಸಿ ಸಮ ಮಾಡಿ, ಆಮೇಲೆ 35ರಿಂದ 350 ಹರ್ಟ್ಸ್ ನಡುವಿನದನ್ನಷ್ಟೇ ಉಳಿಸಿ. 60 ಹರ್ಟ್ಸ್‌ನಲ್ಲಿ ಎದ್ದು ನಿಲ್ಲುವ ಗೆರೆ ಅಮೆರಿಕದ ಕರೆಂಟಿನದು. ನಮ್ಮಲ್ಲಾದರೆ 50ರಲ್ಲಿ ಇರುತ್ತಿತ್ತು. ತುಣುಕಿನ ಎರಡು ತುದಿಗಳು ಈ ಕ್ರಿಯೆಯಲ್ಲಿ ಕೆಡುತ್ತವೆ, ಕತ್ತರಿಸಿ ಬಿಸಾಡಿ. ಲೈಗೋಗೆ ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್ ಎಂಬ ಎರಡು ಊರಲ್ಲಿ ಒಂದೊಂದು ಯಂತ್ರವಿದೆ. ಈಗ ಹ್ಯಾನ್‌ಫರ್ಡ್ ಅಲೆಯನ್ನು ತಲೆಕೆಳಗು ಮಾಡಿ ಸುಮಾರು 7 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿದರೆ ಲಿವಿಂಗ್‌ಸ್ಟನ್ ಅಲೆಯ ಮೇಲೆ ಕೂರುತ್ತದೆ. ಯಾಕೆ ತಲೆಕೆಳಗು, ಯಾಕೆ 7, ಯಾಕೆ 10ಕ್ಕಿಂತ ಹೆಚ್ಚಾಗದು ಅಂತ ಬಾಯಲ್ಲಿ ವಿವರಿಸಲು ಬಂದರೆ ಸಂದರ್ಶನದ ಅರ್ಧ ಭಯ ಹೋದಂತೆ.

ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಆ ಅಲೆಯ ಕೊನೆಯಲ್ಲಿ ಕುಗ್ಗುತ್ತ ಹೋಗುವ ಕಂಪನವನ್ನು ಗಮನಿಸಿ. ಕಪ್ಪುಕುಳಿ ಹಾಗೆ ಕಂಪಿಸುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ, ಅವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು.

ಪ್ರಾಧ್ಯಾಪಕರಿಗೆ ಬರೆಯುವಾಗ ಒಂದೇ ಮೇಲ್ ಮೂವತ್ತು ಜನಕ್ಕೆ ಕಳಿಸಬೇಡಿ; ಓದಿದ ಕೂಡಲೇ ಗೊತ್ತಾಗುತ್ತದೆ. ಸಂಶೋಧನಾ ಪ್ರಬಂಧಗಳು ಉಚಿತವಾಗಿ ಸಿಗುವ ಆರ್‌ಕೈವ್ (arXiv) ಜಾಲತಾಣದಲ್ಲಿ ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅರ್ಥವಾಗದ ಒಂದು ಜಾಗದ ಬಗ್ಗೆ ಎರಡು ಸಾಲು ಕೇಳಿ, ಮೇಲಿನ ಕೆಲಸದ ಕೊಂಡಿ ಹಾಕಿ. ಒಟ್ಟು ಹತ್ತು ಸಾಲು ದಾಟದಿರಲಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ.